ಹಿತ್ತಲಿಗೆ ಯಾವ ಕೋಳಿ? ಘಾಗಸ್, ಗಿರಿರಾಜ, ಕಡಕ್‌ನಾಥ್, ಅಸೀಲ್: ತರುವ ಮುನ್ನ ತೂಗಿ ನೋಡಿ

ಊರಲ್ಲಿ ಒಂದೆರಡು ಎಕರೆ ತೋಟ ಉಳಿಸಿಕೊಂಡವರು, ನಿವೃತ್ತಿಯ ನಂತರ ಹಳ್ಳಿಗೆ ಮರಳಿದವರು, ಮನೆಯ ಹಿಂದೆ ನಾಲ್ಕು ತೆಂಗಿನ ಮರದಷ್ಟು ಜಾಗ ಇರುವವರು ಇತ್ತೀಚೆಗೆ ಕೇಳುವ ಪ್ರಶ್ನೆ ಒಂದೇ: ಕೋಳಿ ಸಾಕಬೇಕು, ಯಾವುದನ್ನು ತರಲಿ? ಕೇಳುವ ಹೊತ್ತಿಗೆ ಅವರು ಹತ್ತಾರು ವಿಡಿಯೊ ನೋಡಿ ಮುಗಿಸಿರುತ್ತಾರೆ. ಒಂದರಲ್ಲಿ ಕಡಕ್‌ನಾಥ್ ಸಾಕಿ ಲಕ್ಷ ಎಣಿಸಿದವರಿರುತ್ತಾರೆ, ಇನ್ನೊಂದರಲ್ಲಿ ಗಿರಿರಾಜ ಬಿಟ್ಟರೆ ಬೇರೆ ಕೋಳಿಯೇ ಇಲ್ಲ ಎನ್ನುವವರಿರುತ್ತಾರೆ. ಕೋಲಾರದ ಸೀಮೆಯದೇ ಆದ ಘಾಗಸ್ ತಳಿಯ ಹೆಸರು ಮಾತ್ರ ಕೋಲಾರದವರಿಗೂ ಹೊಸದು.

ಎಲ್ಲರಿಗೂ ಒಪ್ಪುವ ಕೋಳಿ ಎಂಬುದು ಇಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುವ ಗಾದೆ ಅಡುಗೆಮನೆಗೆ ಸರಿ. ತಳಿ ಆರಿಸುವಾಗ ಕೋಳಿಯ ಸ್ವಭಾವವನ್ನು ಕೇಳದೆ ಹೊರಟವರು ಆರು ತಿಂಗಳಲ್ಲಿ ಖಾಲಿ ಗೂಡನ್ನು ನೋಡುತ್ತಾ ಕೂರುತ್ತಾರೆ.

ಯಾವುದರ ಮೇಲೆ ಅಳೆಯಬೇಕು

ಹೆಚ್ಚಿನವರು ಮೊದಲು ಕೇಳುವುದು ವರ್ಷಕ್ಕೆ ಎಷ್ಟು ಮೊಟ್ಟೆ ಎಂದು. ನಾನು ಮೊದಲು ಕೇಳುವುದು ಹೇಂಟೆ ಕಾವಿಗೆ ಕೂರುತ್ತದೆಯೇ ಎಂದು. ಇಪ್ಪತ್ತೊಂದು ದಿನ ಮೊಟ್ಟೆಯ ಮೇಲೆ ಕದಲದೆ ಕೂತು, ಮರಿ ಮಾಡಿ, ಅವನ್ನು ಒಂದೂವರೆ ಎರಡು ತಿಂಗಳು ರೆಕ್ಕೆಯಡಿಯಲ್ಲಿಟ್ಟು ಮೇಯಿಸಲು ಕಲಿಸುವ ಹೇಂಟೆ ಇದ್ದರೆ ನಿಮ್ಮ ಹಿಂಡು ತಾನಾಗಿ ಬೆಳೆಯುತ್ತದೆ. ಇಲ್ಲದಿದ್ದರೆ ಪ್ರತಿ ಸಲವೂ ಮರಿಗೆ ದುಡ್ಡು ಕೊಡಬೇಕು, ಬಲ್ಬ್ ಹಾಕಿ ಬೆಚ್ಚಗಿಡಬೇಕು, ಕರೆಂಟು ಹೋದ ರಾತ್ರಿ ಎದ್ದು ಕೂರಬೇಕು. ಮೊಟ್ಟೆ ಹೆಚ್ಚಿಸಲು ಹೊರಟ ತಳಿ ಸುಧಾರಣೆ ಮೊದಲು ಬಿಡಿಸುವುದೂ ಈ ಕಾವಿನ ಗುಣವನ್ನೇ, ಏಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಮೊಟ್ಟೆಯೂ ಬೇಕು, ಮರಿಯೂ ಬೇಕು ಎಂದರೆ ಒಂದರಲ್ಲಿ ರಾಜಿಯಾಗಲೇಬೇಕು. ಈ ರಾಜಿ ಎಲ್ಲಿ ಎಂಬುದನ್ನು ಗೊತ್ತುಮಾಡಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಎರಡನೆಯದು ಮೇವು. ಬಲಿತ ಕೋಳಿಯನ್ನು ಕೂಡಿಹಾಕಿ ಸಾಕಿದರೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಹತ್ತು ಕೋಳಿಗೆ ತಿಂಗಳಿಗೆ 30 ಕೆ.ಜಿ. ದಾಟುತ್ತದೆ. ಅದೇ ತಿಪ್ಪೆ ಕೆದಕಿ, ಗೆದ್ದಲು ಹುಳು ಹೆಕ್ಕಿ ಮೇಯುವ ಕೋಳಿಗೆ ಸಂಜೆ ಗೂಡಿಗೆ ಕರೆಯುವಾಗ ಒಂದು ಹಿಡಿ ರಾಗಿಯೋ ನುಚ್ಚೋ ಎರಚಿದರೆ ಸಾಕಾಗುತ್ತದೆ. 35 ಗ್ರಾಂ ಎಂದು ಹಿಡಿದರೂ ತಿಂಗಳಿಗೆ ಹತ್ತೂವರೆ ಕೆ.ಜಿ. ಆದರೆ ಎಲ್ಲ ಕೋಳಿಯೂ ಒಂದೇ ಹುರುಪಿನಿಂದ ಮೇಯುವುದಿಲ್ಲ. ಭಾರದ ಕೋಳಿ ಗೂಡಿನ ಬಾಗಿಲ ಬಳಿಯೇ ನಿಂತು ನಿಮ್ಮ ಕೈ ನೋಡುತ್ತದೆ.

ಮೂರನೆಯದು ಶತ್ರುಗಳು: ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ, ಗಿಡುಗ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಈ ಒಂದೇ ಅಂಶ ಉಳಿದೆಲ್ಲವನ್ನೂ ಮೀರುತ್ತದೆ. ನಾಲ್ಕನೆಯದು ಯಾರಿಗಾಗಿ ಸಾಕುತ್ತೀರಿ ಎಂಬುದು. ಮನೆಯ ಸಾರಿಗೆ, ಮೊಮ್ಮಕ್ಕಳ ಮೊಟ್ಟೆಗೆ, ವರ್ಷತೊಡಕು ಮತ್ತು ಮಾರಿಹಬ್ಬದ ಮಾರಾಟಕ್ಕೆ, ಅಥವಾ ಅಳಿಯುತ್ತಿರುವ ತಳಿಯನ್ನು ಉಳಿಸುವ ಹಟಕ್ಕೆ. ಒಂದೊಂದಕ್ಕೂ ಉತ್ತರ ಬೇರೆ.

ಘಾಗಸ್: ಕಡಿಮೆ ಮೊಟ್ಟೆ, ಪೂರಾ ತಾಯಿ

ಕೋಲಾರ ಜಿಲ್ಲೆ ಮತ್ತು ಅದಕ್ಕೆ ಹೊಂದಿಕೊಂಡ ಆಂಧ್ರದ ಭಾಗ ಘಾಗಸ್‌ನ ತವರು. ಅಲೆಮಾರಿ ಸಮುದಾಯಗಳು ತಮ್ಮ ಜೊತೆ ಒಯ್ಯುತ್ತಾ ಉಳಿಸಿಕೊಂಡು ಬಂದ ಕೋಳಿ ಇದು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ನೋಂದಾಯಿಸಿದ ದೇಶಿ ಕೋಳಿ ತಳಿಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಸೇರಿರುವುದು ಘಾಗಸ್ ಮೂಲಕ.

ನೋಡಲು ಹೇಂಟೆ ಬಹುಪಾಲು ಕಂದು, ಕೆಲವು ಕಪ್ಪು. ಹುಂಜದ ಕತ್ತಿನಲ್ಲಿ ಹೊಂಬಣ್ಣದ ಗರಿ, ಎದೆ ಮತ್ತು ಬಾಲದಲ್ಲಿ ನೀಲಿಗಪ್ಪಿನ ಹೊಳಪು. ಜುಟ್ಟು ಕೆಲವಕ್ಕೆ ಸಾಲಾಗಿ ಬಟಾಣಿ ಕಾಳು ಕೂರಿಸಿದಂತೆ ಗಿಡ್ಡಗಿರುತ್ತದೆ, ಕೆಲವಕ್ಕೆ ಸಾಮಾನ್ಯ ಒಂಟಿ ಜುಟ್ಟು. ಬಲಿತ ಹುಂಜ ಎರಡು ಕೆ.ಜಿ.ಗಿಂತ ತುಸು ಹೆಚ್ಚು, ಹೇಂಟೆ ಒಂದೂವರೆಯ ಆಸುಪಾಸು. ವರ್ಷಕ್ಕೆ 45ರಿಂದ 60 ಮೊಟ್ಟೆ, ಅದೂ ಗಾತ್ರದಲ್ಲಿ ಚಿಕ್ಕದು. ಇಷ್ಟು ಹೇಳುವಷ್ಟರಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗುವ ಮುನ್ನ ಇನ್ನೊಂದು ಲೆಕ್ಕ ಕೇಳಬೇಕು.

ನಾಲ್ಕು ಹೇಂಟೆ, ಒಂದು ಹುಂಜ ಇದೆ ಎನ್ನಿ. ಒಂದೊಂದು ಹೇಂಟೆಯನ್ನೂ ವರ್ಷಕ್ಕೆ ಎರಡು ಸಲ ಹನ್ನೆರಡು ಮೊಟ್ಟೆಯ ಮೇಲೆ ಕೂರಿಸಿದಿರಿ. ಒಂಬತ್ತು ಮರಿಯಾದರೆ ಒಳ್ಳೆಯ ಫಲ. ಗಿಡುಗ, ಮಳೆ, ರೋಗ ಎಲ್ಲ ಕಳೆದು ಐದು ದೊಡ್ಡದಾದರೂ ಹಿತ್ತಲ ಲೆಕ್ಕದಲ್ಲಿ ಅದು ಸೋಲಲ್ಲ. ವರ್ಷಕ್ಕೆ ನಲವತ್ತು ಕೋಳಿ, ಮರಿಗೆ ಕೊಟ್ಟ ದುಡ್ಡು ಸೊನ್ನೆ. ಅದೇ ನಾಲ್ಕು ಗಿರಿರಾಜ ಹೇಂಟೆ ಐನೂರರ ಮೇಲೆ ಮೊಟ್ಟೆ ಕೊಟ್ಟಾವು, ಆದರೆ ಎರಡು ವರ್ಷದ ನಂತರ ಅವು ಮುದಿಯಾದಾಗ ನಿಮ್ಮ ಬಳಿ ಉಳಿಯುವುದು ನಾಲ್ಕು ಮುದಿ ಕೋಳಿ. ಮೊಟ್ಟೆ ಬೇಕಾದವರಿಗೆ ಎರಡನೆಯದೇ ಲಾಭ. ಸಾರಿಗೆ ಮತ್ತು ಮಾರಾಟಕ್ಕೆ ಕೋಳಿ ಬೇಕಾದವರಿಗೆ ಮೊದಲನೆಯದು.

ಮರಿ ಕಟ್ಟಿಕೊಂಡ ಹೇಂಟೆಯನ್ನು ಒಂದು ಹೊತ್ತು ಕೂತು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಗಿಡುಗದ ನೆರಳು ಅಂಗಳದ ತುದಿಗೆ ಬಿದ್ದ ಕ್ಷಣ ಅದು ಎಂದಿನ ಕೊಕ್ಕೊಕ್ಕೋ ನಿಲ್ಲಿಸಿ ಗಂಟಲಲ್ಲೇ ಎಳೆದ ಒಂದು ದನಿ ಹೊರಡಿಸುತ್ತದೆ. ಮರಿಗಳು ತಾಯಿಯ ಕಡೆ ಓಡುವುದಿಲ್ಲ. ಇದ್ದಲ್ಲೇ ತೊಗರಿ ಗಿಡದ ಬುಡಕ್ಕೋ ಸೌದೆ ರಾಶಿಯ ಸಂದಿಗೋ ನುಗ್ಗಿ ಉಸಿರಾಡದಂತೆ ಕೂರುತ್ತವೆ. ಹೇಂಟೆ ಗರಿ ಕೆದರಿ ಬಯಲಲ್ಲಿ ನಿಲ್ಲುತ್ತದೆ. ಬಲ್ಬಿನ ಕೆಳಗೆ ಬೆಳೆದ ಮರಿಗಳಿಗೆ ಈ ದನಿಯನ್ನು ಕಲಿಸುವವರಿಲ್ಲ. ಅವು ಬಯಲಲ್ಲಿ ನಿಂತು ಆಕಾಶ ನೋಡುತ್ತವೆ.

ಘಾಗಸ್‌ನ ದೊಡ್ಡ ತೊಡಕು ಎಂದರೆ ಅದು ಸಿಗುವುದೇ ಕಷ್ಟ, ಸಿಕ್ಕಿದ್ದು ಅಚ್ಚ ತಳಿಯೇ ಎಂದು ನಂಬುವುದು ಇನ್ನೂ ಕಷ್ಟ. ಹಳ್ಳಿಹಳ್ಳಿಗೂ ಸುಧಾರಿತ ಹುಂಜಗಳು ಬಂದಿವೆ. ನಾಟಿ ಕೋಳಿ ಎಂದು ಸಂತೆಯಲ್ಲಿ ಮಾರುವುದರಲ್ಲಿ ಬಹಳಷ್ಟು ಬಣ್ಣದ ಮಿಶ್ರ ಕೋಳಿ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯ ಘಾಗಸ್ ಮತ್ತು ಅಸೀಲ್ ಹಿಂಡುಗಳನ್ನು ಕಾಪಾಡಿಕೊಂಡು ಬಂದಿದೆ. ಮರಿ ಅಥವಾ ಮೊಟ್ಟೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಇನ್ನೊಂದು ದಾರಿ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೆಯ ಹಿಂಡು ಇಟ್ಟುಕೊಂಡವರನ್ನು ಹುಡುಕುವುದು. ಬಣ್ಣ ನೋಡಿ ಮರುಳಾಗಬೇಡಿ. ಆ ಮನೆಯಲ್ಲಿ ಗಿರಿರಾಜ ಹುಂಜ ಇದೆಯೇ, ಪಕ್ಕದ ಮನೆಯಲ್ಲಿ ಇದೆಯೇ ಎಂದು ಕೇಳಿ. ಹುಂಜಕ್ಕೆ ಬೇಲಿ ಲೆಕ್ಕವಲ್ಲ.

ಗಿರಿರಾಜ, ಸ್ವರ್ಣಧಾರ, ವನರಾಜ: ಮೊಟ್ಟೆಯ ಬುಟ್ಟಿ ತುಂಬಬೇಕಾದರೆ

ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಕೋಳಿ. ಅದರ ನಂತರ ಬಂದದ್ದು ಸ್ವರ್ಣಧಾರ. ವನರಾಜ, ಗ್ರಾಮಪ್ರಿಯ ಹೈದರಾಬಾದಿನವು. ಗುಣದಲ್ಲಿ ಹೆಚ್ಚುಕಡಿಮೆ ಇದ್ದರೂ ಹಿತ್ತಲಿನವರಿಗೆ ಇವೆಲ್ಲ ಒಂದೇ ಗುಂಪು: ಬಣ್ಣ ನಾಟಿಯದು, ಬೆಳವಣಿಗೆ ಫಾರಂ ಕೋಳಿಗೂ ನಾಟಿಗೂ ನಡುವಿನದು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ, ಸ್ವರ್ಣಧಾರ ಅದಕ್ಕೂ ಮೇಲೆ. ಬಲಿತ ಗಿರಿರಾಜ ಹುಂಜ ಮೂರು ಕೆ.ಜಿ. ದಾಟುವುದು ಸಾಮಾನ್ಯ. ಆದರೆ ಈ ಮೊಟ್ಟೆಯ ಸಂಖ್ಯೆ ಮೇವು ಕೊಟ್ಟಾಗಿನ ಮಾತು. ಬರಿಯ ತಿಪ್ಪೆಯ ಮೇಲೆ ಬಿಟ್ಟು 150 ಎಣಿಸಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ದಿನಾ ಎರಡು ಮೊಟ್ಟೆ ಬೇಕು, ಮರಿ ಮಾಡಿಸುವ ಗೋಜು ಬೇಡ, ಹಗಲು ಕೋಳಿ ಕಾಯುವವರು ಇದ್ದಾರೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಳಿವಿನ ತಳಿ ಉಳಿಸಿ ಎಂದು ಅಂಥವರ ಮೇಲೆ ಘಾಗಸ್ ಹೇರುವುದು ಅನ್ಯಾಯ. ಮರಿಗಳು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಕಾಯ್ದಿರಿಸಿದರೆ ಸಿಗುತ್ತವೆ. ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೂ ಹಿತ್ತಲಿಗೆ ಹೊಂದುವ ಕೋಳಿಗಳ ಬಗ್ಗೆ ವಿಚಾರಿಸಬಹುದು.

ಇವು ಕಾವಿಗೆ ಕೂರುವುದು ಅಪರೂಪ. ಹಾಗೂ ಹೀಗೂ ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೂ ಮುಂದಿನ ತಲೆಮಾರು ತಾಯಿಯಷ್ಟು ಮೊಟ್ಟೆ ಕೊಡುವುದಿಲ್ಲ, ತಂದೆಯಷ್ಟು ತೂಗುವುದಿಲ್ಲ. ಬೇರೆ ಬೇರೆ ವಂಶದ ಕೋಳಿಗಳನ್ನು ಕೂಡಿಸಿ ಪಡೆದ ಲಾಭ ಒಂದು ತಲೆಮಾರಿನದು. ಭಾರದ ಮೈಯಾದ್ದರಿಂದ ನಾಯಿ ಬಂದಾಗ ಹಾರಿ ಕೊಂಬೆ ಹಿಡಿಯುವ ಚುರುಕೂ ಕಡಿಮೆ.

ಕಡಕ್‌ನಾಥ್: ಬಣ್ಣಕ್ಕೆ ಕೊಡುವ ಬೆಲೆ

ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳಲ್ಲಿ ಭಿಲ್ ಮತ್ತು ಭಿಲಾಲ ಆದಿವಾಸಿಗಳು ಸಾಕಿಕೊಂಡು ಬಂದ ಕೋಳಿ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೂ ಕಪ್ಪು. ಮೆಲನಿನ್ ಎಂಬ ವರ್ಣದ್ರವ್ಯ ಮೈಯೊಳಗೆಲ್ಲ ಹರಡಿಕೊಳ್ಳುವ ಹುಟ್ಟುಗುಣ ಅದಕ್ಕೆ ಕಾರಣ. ಮೊಟ್ಟೆ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಚಿತ್ರ ತೋರಿಸಿದರೆ ಅವರ ಬಳಿ ಮರಿಯನ್ನೂ ಕೊಳ್ಳಬೇಡಿ.

ಇದರ ಮಾಂಸಕ್ಕೆ ಸಕ್ಕರೆ ಕಾಯಿಲೆಯಿಂದ ಹಿಡಿದು ಎಲ್ಲವನ್ನೂ ವಾಸಿಮಾಡುವ ಶಕ್ತಿ ಇದೆ ಎಂಬ ಪ್ರಚಾರವನ್ನು ನಾನು ಪಕ್ಕಕ್ಕಿಡುತ್ತೇನೆ. ಕೊಬ್ಬು ಕಡಿಮೆ ಇರುವುದು ನಿಜ, ಓಡಾಡಿ ಬೆಳೆದ ಯಾವ ನಾಟಿ ಕೋಳಿಯಲ್ಲೂ ಅದು ಕಡಿಮೆಯೇ. ವರ್ಷಕ್ಕೆ ಎಂಬತ್ತರಿಂದ ನೂರು ಮೊಟ್ಟೆ ಪರವಾಗಿಲ್ಲ ಎನ್ನಬಹುದು. ಆದರೆ ಕಾವಿನ ಗುಣ ಮಂಕು, ಮೈ ಬೆಳೆಯುವುದೂ ನಿಧಾನ. ಹುಂಜ ಎರಡು ಕೆ.ಜಿ. ಮುಟ್ಟಿದರೆ ದೊಡ್ಡದು. ಮರಿಯ ಬೆಲೆ ಗಿರಿರಾಜಕ್ಕಿಂತ ಮೇಲೆ. ಆ ಬೆಲೆ ವಾಪಸು ಬರಬೇಕಾದರೆ ಕೊಳ್ಳುವವರು ಮೊದಲೇ ಗೊತ್ತಿರಬೇಕು. ಹಳ್ಳಿಯ ಸಂತೆಯಲ್ಲಿ ಕಪ್ಪು ಮಾಂಸ ಕಂಡು ಹಿಂದೆ ಸರಿಯುವವರೇ ಹೆಚ್ಚು. ನಗರದ ಹೋಟೆಲ್ ಅಥವಾ ಪರಿಚಿತ ಗಿರಾಕಿ ಇದ್ದವರಿಗೆ ಮಾತ್ರ ಲೆಕ್ಕ ಕೂಡುತ್ತದೆ. ಮರಿ ನಾವು ಕೊಡುತ್ತೇವೆ, ಕೋಳಿ ನಾವೇ ಕೊಳ್ಳುತ್ತೇವೆ ಎಂದು ಮುಂಗಡ ಕೇಳುವವರಿಂದ ದೂರವಿರಿ. ಮಹಾರಾಷ್ಟ್ರದಲ್ಲಿ ಇದೇ ಕೋಳಿಯ ಹೆಸರಿನಲ್ಲಿ ರೈತರು ಹಣ ಕಳೆದುಕೊಂಡ ಪ್ರಕರಣ 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಮಿಶ್ರ ಕೋಳಿಯ ಗರಿಯೂ ಕಪ್ಪಗಿರಬಹುದು, ಆದ್ದರಿಂದ ಗರಿ ನೋಡಿ ಒಪ್ಪಬಾರದು. ಕೊಕ್ಕು ತೆರೆದು ನಾಲಿಗೆ ನೋಡಿ, ಎದೆಯ ಗರಿ ಊದಿ ಚರ್ಮ ನೋಡಿ, ಜುಟ್ಟು ಕೆಂಪಾಗಿದೆಯೋ ನೇರಳೆಗಪ್ಪೋ ನೋಡಿ. ಎಲ್ಲಿಯಾದರೂ ಎದ್ದುಕಾಣುವ ಕೆಂಪೋ ಬಿಳುಪೋ ಇದ್ದರೆ ಅಚ್ಚ ತಳಿಯ ಬೆಲೆ ಕೊಡಬೇಕಿಲ್ಲ.

ಅಸೀಲ್ ಮತ್ತು ಬೋಳು ಕತ್ತಿನ ಕೋಳಿ

ಅಸೀಲ್‌ನ ನಿಲುವೇ ಬೇರೆ. ಎತ್ತರದ ಕಾಲು, ನೆಟ್ಟಗಿನ ಕತ್ತು, ಗಟ್ಟಿ ಎದೆ. ಹುಂಜ ನಾಲ್ಕು ಕೆ.ಜಿ. ಮುಟ್ಟುತ್ತದೆ. ಇಂಗ್ಲೆಂಡಿನ ಕಾರ್ನಿಷ್ ತಳಿ ರೂಪುಗೊಂಡದ್ದು ಇದರ ರಕ್ತದಿಂದ, ಕಾರ್ನಿಷ್‌ನಿಂದ ಮುಂದೆ ಇಂದಿನ ಬ್ರಾಯ್ಲರ್ ಬಂತು. ಅಂಗಡಿಯ ಬಿಳಿ ಕೋಳಿಯ ವಂಶ ಹಿಡಿದು ಹಿಂದಕ್ಕೆ ಹೋದರೆ ನಮ್ಮ ಕಣದ ಹುಂಜವೇ ಸಿಗುತ್ತದೆ! ಹೇಂಟೆ ಚೆನ್ನಾಗಿ ಕಾವಿಗೆ ಕೂರುತ್ತದೆ, ಮೊಟ್ಟೆ ಮಾತ್ರ ಬಹಳ ಕಡಿಮೆ. ಎರಡು ಹುಂಜಗಳನ್ನು ಒಟ್ಟಿಗೆ ಬಿಡುವಂತಿಲ್ಲ, ಬೇರೆ ಬೇರೆ ಗೂಡು ಕಟ್ಟಲೇಬೇಕು. ಕೋಳಿ ಅಂಕಕ್ಕೆಂದು ಸಾಕುವುದಾದರೆ, ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ನೆನಪಿರಲಿ. ಮೊದಲ ಸಲ ಕೋಳಿ ಸಾಕುವವರಿಗೆ ಇದು ಬೇಡ.

ಬೋಳು ಕತ್ತಿನ ಕೋಳಿಯನ್ನು ಕಂಡು ಕಾಯಿಲೆ ಬಂದಿದೆ ಎಂದು ಮುಖ ಸಿಂಡರಿಸುವವರಿದ್ದಾರೆ. ಕಾಯಿಲೆಯಲ್ಲ, ಹುಟ್ಟುಗುಣ. ಗರಿ ಕಡಿಮೆಯಾದ್ದರಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ. ರಾಯಚೂರು, ಕಲಬುರಗಿಯಂಥ ಬಿಸಿಲಿನಲ್ಲಿ ಉಳಿದ ಕೋಳಿಗಳು ಬಾಯಿ ತೆರೆದು ನೆರಳಲ್ಲಿ ಬಿದ್ದಿರುವಾಗ ಇದು ಮೇಯುತ್ತಿರುತ್ತದೆ. ಕೇರಳದ ತಿರುವನಂತಪುರದ ಕಡೆ ಹೆಚ್ಚು ಕಾಣಸಿಗುತ್ತದೆ, ನಮ್ಮ ಹಳ್ಳಿಗಳ ಹಿಂಡುಗಳಲ್ಲೂ ಅಲ್ಲೊಂದು ಇಲ್ಲೊಂದು ಇರುತ್ತದೆ. ಕತ್ತಿನ ಮುಂಭಾಗದಲ್ಲಿ ಗರಿಯ ಒಂದು ಕುಚ್ಚು ಉಳಿದಿದ್ದರೆ ಆ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದೆ ಎಂದರ್ಥ. ಕತ್ತು ಪೂರಾ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ಮರಿಗಳೆಲ್ಲ ಬೋಳು ಕತ್ತಿನವೇ ಆಗಬೇಕೆಂದರೆ ಪೂರಾ ಬೋಳಿನ ಹುಂಜವನ್ನು ಆರಿಸಿ. ಮಲೆನಾಡಿನ ಚಳಿ ಮಳೆಗೆ ಇದನ್ನು ತರಬೇಡಿ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಮೇಯಲು ಜಾಗ ಧಾರಾಳ ಎನ್ನುವವರು ಘಾಗಸ್ ಸಿಗದಿದ್ದರೂ ಚಿಂತಿಸಬೇಕಿಲ್ಲ. ಊರಿನಲ್ಲೇ ಒಳ್ಳೆಯ ತಾಯಿ ಎಂದು ಹೆಸರಾದ ನಾಲ್ಕು ನಾಟಿ ಹೇಂಟೆ ತಂದು, ಹುಂಜಕ್ಕೆ ಮಾತ್ರ ಖರ್ಚು ಮಾಡಲಿ. ಮರಿಗಳ ಅರ್ಧ ಗುಣ ಹುಂಜದ್ದು, ಆದರೆ ಹುಂಜ ಒಂದೇ ಸಾಕು. ಎಂಟು ಹತ್ತು ಹೇಂಟೆಗೂ ಒಂದೇ. ಒಂದೆರಡು ವರ್ಷಕ್ಕೊಮ್ಮೆ ಆ ಹುಂಜವನ್ನು ಬೇರೆಯವರ ಹುಂಜದೊಂದಿಗೆ ಬದಲಾಯಿಸಿಕೊಂಡರೆ ರಕ್ತಸಂಬಂಧದ ಕೂಡಿಕೆ ತಪ್ಪುತ್ತದೆ.

ತಿಂಗಳ ಮೇವಿಗೆ ಹಣ ತೆಗೆದಿಡಬಲ್ಲವರು, ಮೊಟ್ಟೆಯೇ ಮುಖ್ಯ ಎನ್ನುವವರು ಗಿರಿರಾಜ ಅಥವಾ ಸ್ವರ್ಣಧಾರದ ಕಡೆ ಹೋಗಲಿ. ಜೊತೆಗೆ ಎರಡು ನಾಟಿ ಹೇಂಟೆ ಇಟ್ಟುಕೊಂಡರೆ ಕಾವಿನ ಕೆಲಸಕ್ಕೆ ಆಯಿತು. ಅಚ್ಚ ತಳಿ ಉಳಿಸುವ ಆಸೆಯಿದ್ದರೆ ಮಾತ್ರ ಈ ಬೆರಕೆ ಬೇಡ. ಆಗ ಹಿತ್ತಲಲ್ಲಿ ಒಂದೇ ತಳಿಯ ಹುಂಜ ಇರಬೇಕು, ಪಕ್ಕದ ಮನೆಯವರನ್ನೂ ಒಪ್ಪಿಸಬೇಕು.

ಹಗಲು ಮನೆಗೆ ಬೀಗ ಹಾಕಿ ಹೋಗುವವರು ಯಾವ ತಳಿಯಾದರೂ ಮೊದಲು ಬಲೆಯ ಬೇಲಿಗೆ ಖರ್ಚು ಮಾಡಲಿ. ರಾತ್ರಿಯ ಗೂಡಿನಲ್ಲಿ ಕೋಳಿಗೆ ಒಂದೂವರೆಯಿಂದ ಎರಡು ಚದರ ಅಡಿ ಜಾಗ, ನೆಲದಿಂದ ಎರಡಡಿ ಎತ್ತರ, ಮುಂಗುಸಿ ತೂರದಷ್ಟು ಸಣ್ಣ ಕಣ್ಣಿನ ಜಾಲರಿ, ಇಷ್ಟಿದ್ದರೆ ಸಾಕು.

ಯಾವುದನ್ನೇ ತಂದರೂ ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗದ ಲಸಿಕೆ ಬಿಡುವಂತಿಲ್ಲ. ನಾಟಿಗೆ ರೋಗ ಬರುವುದಿಲ್ಲ ಎಂಬ ಮಾತು ನಂಬಿ ಇಡೀ ಹಿಂಡು ಕಳೆದುಕೊಂಡ ಹಳ್ಳಿಗಳು ಎಷ್ಟೋ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಲಸಿಕೆಯ ಸೀಸೆ ಹತ್ತು ಕೋಳಿಯ ಲೆಕ್ಕದಲ್ಲಿ ಬರುವುದಿಲ್ಲ, ನೂರರ ಮೇಲೆಯೇ. ತೆರೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಬೀದಿಯ ನಾಲ್ಕಾರು ಮನೆಯವರು ಸೇರಿ ಪಶು ಆಸ್ಪತ್ರೆಯಿಂದ ಐಸ್‌ನಲ್ಲಿಟ್ಟು ತಂದು ಒಂದೇ ದಿನ ಎಲ್ಲರ ಕೋಳಿಗೂ ಹಾಕಿಸುವುದು ಜಾಣತನ.

ಘಾಗಸ್ ಮರಿ ಸಿಗಲಿಲ್ಲ, ಮೊಟ್ಟೆ ಮಾತ್ರ ಸಿಕ್ಕಿತು ಎಂದರೆ ಅದು ನಿರಾಸೆಪಡುವ ಸಂಗತಿಯಲ್ಲ. ವಾರದೊಳಗಿನ ಮೊಟ್ಟೆಯನ್ನೇ ಕೇಳಿ ತೆಗೆದುಕೊಳ್ಳಿ. ಹೊಟ್ಟಿನಲ್ಲಿ ಹುದುಗಿಸಿ, ಅಲುಗಾಡದಂತೆ ತನ್ನಿ. ಬಂದ ಮೇಲೆ ಮೊಂಡು ತುದಿ ಮೇಲಾಗಿ ಒಂದು ದಿನ ತಂಪಿನಲ್ಲಿಡಿ. ಕಾವಿಗೆ ಬಂದ ಊರಿನ ಹೇಂಟೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು: ಕೆಳಗೆ ಕೈ ತೂರಿಸಿದರೆ ಅದು ಎದ್ದು ಓಡುವುದಿಲ್ಲ, ಗರಿ ಉಬ್ಬಿಸಿ ಗುರ್ರೆನ್ನುತ್ತದೆ. ಕತ್ತಲಾದ ಮೇಲೆ ಅದರ ಕೆಳಗಿನ ಮೊಟ್ಟೆ ತೆಗೆದು ಇವನ್ನಿಡಿ, ಹತ್ತು ಹನ್ನೆರಡಕ್ಕಿಂತ ಹೆಚ್ಚು ಬೇಡ. ಏಳನೇ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ರಕ್ತನಾಳ ಕಾಣದ ಮೊಟ್ಟೆಗಳನ್ನು ತೆಗೆಯಿರಿ. ಹದಿನೆಂಟನೇ ದಿನದ ನಂತರ ಮೊಟ್ಟೆ ಮುಟ್ಟಬೇಡಿ. ಪಕ್ಕದಲ್ಲಿ ನೀರು ಮತ್ತು ಒಂದು ಹಿಡಿ ರಾಗಿ ಇದ್ದರೆ ಉಳಿದದ್ದು ಹೇಂಟೆಯ ಕೆಲಸ.